ದಾರದಣ್ಣ ಸೋತ ಭಾನುವಾರ

ದಾರಿ ತಪ್ಪಿದ ಮನುಷ್ಯರನ್ನು ತಿದ್ದುವುದಕ್ಕೆ ನಮ್ಮ ಬೀದಿಯಲ್ಲಿ ಬೇಕಾದಷ್ಟು ಜನ ಇದ್ದಾರೆ. ದಾರಿ ತಪ್ಪಿದ ಚಕ್ರಗಳನ್ನು ತಿದ್ದುವವನು ದಾರದಣ್ಣ ಒಬ್ಬನೇ. ಅವನ ಅಲೈನ್‌ಮೆಂಟ್ ಅಂಗಡಿಯಲ್ಲಿ ಕಂಪ್ಯೂಟರ್ ಇದೆ, ನಾಲ್ಕು ಕ್ಯಾಮೆರಾ ಇವೆ. ಆದರೂ ಎಲ್ಲ ಮುಗಿದ ಮೇಲೆ ಜೇಬಿನಿಂದ ಬಿಳಿ ದಾರ ತೆಗೆದು, ಹಿಂದಿನ ಚಕ್ರದಿಂದ ಮುಂದಿನ ಚಕ್ರದವರೆಗೆ ಬಿಗಿಯಾಗಿ ಎಳೆದು, ಒಂದು ಕಣ್ಣು ಮುಚ್ಚಿ ನೋಡದೆ ಅವನು ಗಾಡಿ ಹೊರಗೆ ಬಿಡುವುದಿಲ್ಲ. ದಾರಕ್ಕೂ ಟೈರಿಗೂ ನಡುವೆ ಎಲ್ಲಾದರೂ ಬೇಡದ ಬೆಳಕು ಕಂಡರೆ ಗಾಡಿ ಮತ್ತೆ ಮೇಲಕ್ಕೆ ಏರುತ್ತದೆ. ಗಿರಾಕಿ ಗೊಣಗುತ್ತಾ ಸ್ಟೂಲಿನ ಮೇಲೆ ಕೂರುತ್ತಾನೆ.

ಆ ದಾರ ಅಪ್ಪನದು. ಅಂಗಡಿಯೂ ಅಪ್ಪನದೇ. ಆದರೆ ಕಣ್ಣು ಮಾತ್ರ ತಂಗಿಯದು ಅಂತ ದಾರದಣ್ಣನೇ ಒಪ್ಪಿಕೊಳ್ಳುತ್ತಾನೆ. ಅವನಿಗಿಂತ ಐದು ವರ್ಷ ಚಿಕ್ಕವಳು. ಗಾಡಿ ಗೇಟು ದಾಟಿ ಒಳಗೆ ಬರುವಾಗಲೇ, "ಹಿಂದಿನ ಎಡಗಡೆ ಚಕ್ರ ಹೊರಗೆ ನೋಡ್ತಿದೆ" ಅನ್ನುತ್ತಿದ್ದಳು. ಅಪ್ಪ ದಾರ ಎಳೆದು ನೋಡಿದರೆ ಹಾಗೇ ಇರುತ್ತಿತ್ತು. ಆ ಕಣ್ಣು ಬರುವುದಕ್ಕೆ ದಾರದಣ್ಣನಿಗೆ ಇನ್ನೂ ಹತ್ತು ವರ್ಷ ಹಿಡಿಯಿತು.

ಒಂದು ಬೆಳಗ್ಗೆ ಅಪ್ಪ ಗೋಡೆಯ ಮೊಳೆಯಿಂದ ಅಂಗಡಿಯ ಬೀಗದ ಕೈ ತೆಗೆದು, ಇನ್ನು ನೀನೇ ನೋಡ್ಕೋ ಅಂತ ಮಗನ ಅಂಗೈಯಲ್ಲಿ ಇಟ್ಟರು. ಮಗಳು ಆಗ ಒಂದು ಗಾಡಿಯ ಕೆಳಗೆ ಮಲಗಿ ನಟ್ಟು ಬಿಗಿಯುತ್ತಿದ್ದಳು. ಮುಂದಿನ ತಿಂಗಳು ಅವಳು ದೂರದ ಬಂದರಿನಲ್ಲಿ ಕ್ರೇನ್ ಓಡಿಸುವ ತರಬೇತಿಗೆ ಸೇರಿದಳು. ಗಾಡಿಯ ಕೆಳಗಿದ್ದವಳು ನೂರಡಿ ಮೇಲಕ್ಕೆ ಹೋದಳು. ಜಗಳವೇನೂ ಆಗಲಿಲ್ಲ. ಆಗಿದ್ದರೆ ರಾಜಿಯಾದರೂ ಆಗಬಹುದಿತ್ತು. ಇಪ್ಪತ್ತೈದು ವರ್ಷ ಅಣ್ಣ ತಂಗಿ ಫೋನಿನಲ್ಲಿ ಆರೋಗ್ಯ ವಿಚಾರಿಸಿ, ಹವಾಮಾನ ವಿಚಾರಿಸಿ, ಇಡ್ಲಾ ಅಂತ ಇಟ್ಟುಬಿಡುತ್ತಿದ್ದರು.

ಈ ಹವಾಮಾನ ಬದಲಾಗಿದ್ದು ದಾರದಣ್ಣನ ಬೆನ್ನಿನಿಂದ. ಮೂರು ತಿಂಗಳು ಬಗ್ಗಬಾರದು ಅಂತ ಡಾಕ್ಟರು ಹೇಳಿದರು. ಮನೆಯಲ್ಲಿ ಕೂತವನು ಅಡುಗೆಮನೆಯ ಕಪಾಟು ಓರೆಯಾಗಿದೆ, ಕಿಟಕಿ ಓರೆಯಾಗಿದೆ ಅನ್ನತೊಡಗಿದ. ಹೆಂಡತಿ ಮೂರನೇ ದಿನವೇ ರೋಸಿಹೋದಳು. ರೋಸಿದವಳು ರೇಸಿನ ದಾರಿ ಹಿಡಿದಳು: ಸ್ಟೀರಿಂಗ್ ಚಕ್ರವೂ ಪೆಡಲ್ಲೂ ಇರುವ ಒಂದು ವಿಡಿಯೋ ಗೇಮ್ ತಂದು ಹಿಂದಿನ ಕೋಣೆಯಲ್ಲಿ ಇಡಿಸಿ, "ರೀ, ಇದರಲ್ಲಿ ಏನು ಓರೆ ಇದೆಯೋ ಅದನ್ನೆಲ್ಲ ತಿದ್ದಿ" ಅಂದಳು.

ತಂಗಿಗೆ ಫೋನಿನಲ್ಲಿ ಹೇಳುವುದಕ್ಕೆ ಬೇರೇನೂ ಉಳಿಯದಿದ್ದ ಒಂದು ದಿನ ಅವನು ಈ ಗೇಮಿನ ಮಾತು ತೆಗೆದ. ಅವಳು ನಕ್ಕುಬಿಟ್ಟಳು. ಕ್ರೇನಿನವರ ವಿಶ್ರಾಂತಿ ಕೋಣೆಯಲ್ಲೂ ಅದೇ ಗೇಮ್ ಇತ್ತಂತೆ, ಅವಳು ಮನೆಯಲ್ಲೂ ಒಂದು ಇಟ್ಟುಕೊಂಡಿದ್ದಳಂತೆ. ಭಾನುವಾರ ಸಂಜೆ ಆರಕ್ಕೆ ಇಪ್ಪತ್ತು ಜನರ ಒಂದು ಬಳಗ ಆನ್‌ಲೈನಿನಲ್ಲಿ ಸೇರುತ್ತದೆ, ನೀನೂ ಬಾ ಅಂದಳು.

ಬಳಗದ ಹಿರಿಯ ಒಬ್ಬ ಹಲ್ಲಿನ ಡಾಕ್ಟರು. ಗೇರಿನ ಹಲ್ಲಿಗೂ ಬಾಯಿಯ ಹಲ್ಲಿಗೂ ಒಂದೇ ಶಿಸ್ತು ಎಂಬ ಮನುಷ್ಯ. ಅವರ ನಿಯಮ ಸರಳ. ಎಲ್ಲರಿಗೂ ಒಂದೇ ಕಾರು, ಒಂದೇ ಶಕ್ತಿಯ ಎಂಜಿನ್. ಟೈರಿನ ಗಾಳಿ, ಸ್ಪ್ರಿಂಗಿನ ಬಿಗಿ, ಗೇರು, ಚಕ್ರದ ಕೋನ ಅವರವರ ಇಷ್ಟ. ರೇಸು ಮುಗಿದ ಮೇಲೆ ಯಾರ್ಯಾರು ಏನೇನು ಹೊಂದಿಸಿದ್ದರೋ ಆ ಶೀಟನ್ನು ಎಲ್ಲರಿಗೂ ಕಾಣುವಂತೆ ಹಾಕಬೇಕು. ಜಾಣತನದಿಂದ ಗೆಲ್ಲಬಹುದು, ಗುಟ್ಟಿನಿಂದ ಗೆಲ್ಲುವಂತಿಲ್ಲ. ಸುಳ್ಳು ಶೀಟ್ ಹಾಕಿದವರು ನಾಲ್ಕು ಭಾನುವಾರ ಹೊರಗೆ.

ರೇಸಿಗೆ ಮೊದಲು ನಲವತ್ತು ನಿಮಿಷ ಅಭ್ಯಾಸ. ಆ ನಲವತ್ತು ನಿಮಿಷ ಅಣ್ಣ ತಂಗಿ ಕಿವಿಗೆ ಹೆಡ್‌ಫೋನ್ ಹಾಕಿ ಮಾತಾಡುತ್ತಿದ್ದರು. ಮೊದಲು ಟೈರಿನ ಗಾಳಿ, ಆಮೇಲೆ ಗಾಳಿಮಾತು. ಅಪ್ಪ ದಾರವನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ ಗಿರಾಕಿಗೆ ಬೈಯುತ್ತಿದ್ದುದು, ಆ ಬೈಗುಳ ಗಿರಾಕಿಗೆ ಹೊಗಳಿಕೆಯಂತೆ ಕೇಳಿಸುತ್ತಿದ್ದುದು. ಬೀಗದ ಕೈ ಮಾತ್ರ ಮಾತಿಗೆ ಬರಲಿಲ್ಲ. ಬೆನ್ನು ವಾಸಿಯಾಗಿ ಅವನು ಅಂಗಡಿಗೆ ಮರಳಿದ ಮೇಲೂ ವಾರದ ಆರು ದಿನಗಳು ಆ ನಲವತ್ತು ನಿಮಿಷದ ಕಡೆಗೇ ಉರುಳುತ್ತಿದ್ದವು.

ಆದರೆ ಗೆಲ್ಲುತ್ತಿದ್ದವನು ಅವನೇ. ದಿನವಿಡೀ ಚಕ್ರ ತಿದ್ದುವವನಿಗೆ ಗೇಮಿನ ಚಕ್ರ ಯಾವ ಲೆಕ್ಕ? ತಂಗಿ ಎರಡನೆಯವಳೋ ಮೂರನೆಯವಳೋ ಆಗುತ್ತಿದ್ದಳು. ಆಮೇಲೆ ಒಂದು ಭಾನುವಾರ ಶಿಫ್ಟ್ ಇದೆ ಅಂದಳು. ಮುಂದಿನ ಭಾನುವಾರವೂ ಅಂದಳು. ದಾರದಣ್ಣನಿಗೆ ಹೆದರಿಕೆ ಹುಟ್ಟಿತು. ಸೋತು ಸೋತು ಬೇಜಾರಾಗಿದೆ, ಇನ್ನು ಬರುವುದಿಲ್ಲ, ಮತ್ತೆ ಹವಾಮಾನವೇ ಗತಿ ಅಂದುಕೊಂಡ.

ಅವಳು ಬಂದ ಭಾನುವಾರ ಅವನು ಮೂವತ್ತು ವರ್ಷಗಳಲ್ಲಿ ಒಮ್ಮೆಯೂ ಮಾಡದ ಕೆಲಸ ಮಾಡಿದ. ಬೇಕೆಂದೇ ಹಿಂದಿನ ಎಡಗಡೆ ಚಕ್ರವನ್ನು ಚೂರು ಹೊರಕ್ಕೆ ತಿರುಗಿಸಿದ. ಹಾಗೆ ಮಾಡಿದರೆ ಗಾಡಿ ಏಡಿಯಂತೆ ಅಡ್ಡಡ್ಡ ನಡೆಯುತ್ತದೆ, ತಿರುವಿನಲ್ಲಿ ಜಾರುತ್ತದೆ. ತಂಗಿ ಗೆದ್ದಳು, ಬಳಗವೆಲ್ಲ ಚಪ್ಪಾಳೆಯ ಚಿತ್ರ ಕಳಿಸಿತು. ದಾರದಣ್ಣ ಹಳೆಯ ಸರಿಯಾದ ಶೀಟನ್ನೇ ಹಾಕಿ, ಹೆಂಡತಿ ಕೊಟ್ಟ ಚಹಾ ಕುಡಿದು, ಹಿಗ್ಗಿನಿಂದ ಕೂತ.

ಅರ್ಧ ಗಂಟೆಯ ಮೇಲೆ ಅವನಿಗೊಬ್ಬನಿಗೇ ತಂಗಿಯಿಂದ ಒಂದು ಚಿತ್ರ ಬಂತು. ನೇರ ರಸ್ತೆಯಲ್ಲಿ ಅವನ ಕಾರು ಓಡುತ್ತಿರುವ ಚಿತ್ರ, ಮೇಲಿನಿಂದ ತೆಗೆದದ್ದು. ಅದರ ಮೇಲೆ ಹಿಂದಿನ ಎಡ ಚಕ್ರದಿಂದ ಮುಂದಿನ ಎಡ ಚಕ್ರದವರೆಗೆ ಅವಳು ಒಂದು ಬಿಳಿ ಗೆರೆ ಎಳೆದಿದ್ದಳು. ಗೆರೆಗೂ ಟೈರಿಗೂ ನಡುವೆ ಬೆಳಕಿತ್ತು. ಒಂದು ಮಾತೂ ಬರೆದಿರಲಿಲ್ಲ.

ಅವನೇ ಫೋನ್ ಮಾಡಿದ.

"ಆವತ್ತು ಅಂಗಡೀಲಿ ನೀನು ನನ್ನನ್ನ ಕೇಳದೆ ಗೆದ್ದೆ," ಅಂದಳು. "ಇವತ್ತು ನನ್ನನ್ನ ಕೇಳದೆ ಸೋತೆ. ಒಂದು ಸಲವಾದ್ರೂ ನನ್ನ ಜೊತೆ ಆಡೋ ಅಣ್ಣ."

ಫೋನ್ ಇಟ್ಟುಬಿಟ್ಟಳು.

ದಾರದಣ್ಣ ನಿಜವಾದ ಶೀಟನ್ನು ಬಳಗಕ್ಕೆ ಹಾಕಿ ತಪ್ಪು ಒಪ್ಪಿಕೊಂಡ. ಸೋಲುವುದಕ್ಕೆ ಮೋಸ ಮಾಡಿದವರನ್ನು ಡಾಕ್ಟರು ಕಂಡಿರಲಿಲ್ಲ. ಆದರೂ ಹುಳುಕು ಹುಳುಕೇ ಎಂದು ನಾಲ್ಕು ಭಾನುವಾರ ಹೊರಗಿಟ್ಟರು. ನೋಡಬಹುದು, ಮಾತಾಡುವಂತಿಲ್ಲ. ಅವನು ಆರು ಗಂಟೆಗೆ ಹೆಡ್‌ಫೋನ್ ಹಾಕಿಕೊಂಡು ತಂಗಿಯ ಕಾರನ್ನೇ ನೋಡುತ್ತಾ ಕೂರುತ್ತಿದ್ದ. ಕಿವಿಯಲ್ಲಿ ಅವಳ ಎಂಜಿನಿನ ಸದ್ದು ಇರುತ್ತಿತ್ತು, ಅವಳು ಇರುತ್ತಿರಲಿಲ್ಲ. ಹೆಂಡತಿ ಕೋಣೆಗೆ ಬಂದು, ಇಷ್ಟು ನೇರವಾಗಿ ಕೂತಿದ್ದನ್ನ ನಾನು ಯಾವತ್ತೂ ನೋಡಿಲ್ಲ ಕಣ್ರೀ ಅಂದರೂ ಅವನು ನಗಲಿಲ್ಲ.

ನಾಲ್ಕನೆಯ ಭಾನುವಾರ ರೇಸು ಮುಗಿದ ಕೂಡಲೇ ಅವನು ಫೋನ್ ಮಾಡಿ, ಆರೋಗ್ಯ ಕೇಳದೆ, ಹವಾಮಾನ ಕೇಳದೆ ನೇರವಾಗಿ ಹೇಳಿದ.

"ಅಪ್ಪ ಬೀಗದ ಕೈ ಕೊಟ್ಟಾಗ ನೀನು ಗಾಡಿ ಕೆಳಗಿದ್ದೆ. ನಿನ್ನ ಕಾಲು ಕಾಣಿಸ್ತಿತ್ತು. 'ಅವಳನ್ನೂ ಕೇಳಿ ಅಪ್ಪ' ಅಂತ ನಾನು ಅನ್ನಬೇಕಿತ್ತು. ಅನ್ನಲಿಲ್ಲ."

ಆ ಕಡೆ ಬಂದರಿನ ಸೈರನ್ ಕೇಳಿಸಿತು.

"ನನಗೂ ನಿನ್ನ ಚಪ್ಪಲಿ ಕಾಣಿಸ್ತಿತ್ತು," ಅಂದಳು. "ನನ್ನ ಕಡೆ ತಿರುಗುತ್ತೆ ಅಂತ ನೋಡ್ತಾನೇ ಇದ್ದೆ." ಆಮೇಲೆ, "ಮುಂದಿನ ಭಾನುವಾರ ಸರಿಯಾದ ಗಾಡಿ ತಗೊಂಡು ಬಾ" ಅಂದಳು.

ಆ ವಾರವೆಲ್ಲ ಅವನು ಅಂಗಡಿ ಮುಚ್ಚಿ ಬಂದು ಅಭ್ಯಾಸ ಮಾಡಿದ. ಭಾನುವಾರ ಹನ್ನೆರಡು ಸುತ್ತು ಅಪ್ಪನ ಲೆಕ್ಕದಂತೆ ಚಕ್ರ ಹೊಂದಿಸಿದ ಗಾಡಿಯನ್ನು ಕೈ ನೋಯುವಷ್ಟು ಓಡಿಸಿದ. ಹತ್ತನೇ ಸುತ್ತಿನ ತನಕ ಅವನೇ ಮುಂದೆ. ಹನ್ನೊಂದರಲ್ಲಿ ತಂಗಿ ಒಳಗಿನಿಂದ ನುಗ್ಗಿ ದಾಟಿದಳು. ಅವನು ಇದ್ದ ವಿದ್ಯೆಯನ್ನೆಲ್ಲ ಹಾಕಿದ, ಸಿಗಲಿಲ್ಲ. ಅರ್ಧ ಕಾರಿನ ಅಂತರದಲ್ಲಿ ಸೋತ.

"ನಿಜವಾಗ್ಲೂ?" ಅಂತ ತಂಗಿ ಕೇಳಿದಳು.

"ಶೀಟ್ ನೋಡು."

ಅವಳು ಸಾಲು ಸಾಲಾಗಿ ಓದುತ್ತಿದ್ದಾಳೆಂದು ಅವಳ ಉಸಿರಿನಿಂದಲೇ ಗೊತ್ತಾಗುತ್ತಿತ್ತು. ಅವನೂ ಅವಳ ಶೀಟ್ ತೆರೆದ. ಹಿಂದಿನ ಚಕ್ರಗಳ ಕೋನ ಅಪ್ಪನ ಲೆಕ್ಕಕ್ಕಿಂತ ಎರಡು ಗೀಟು ಕಡಿಮೆ ಇತ್ತು. ಅಂಥದ್ದೊಂದು ಸಾಧ್ಯ ಎಂದು ಅವನಿಗೆ ಮೂವತ್ತು ವರ್ಷದಲ್ಲಿ ಹೊಳೆದಿರಲಿಲ್ಲ.

"ಸರಿ ಇದೆ," ಅಂದಳು ಅವಳು, ಗೇಟಿನ ಹತ್ತಿರ ನಿಂತು ಹೇಳುತ್ತಿದ್ದ ಅದೇ ದನಿಯಲ್ಲಿ. "ಮುಂದಿನ ಭಾನುವಾರ ನಿಜವಾಗ್ಲೂ ಶಿಫ್ಟ್ ಇದೆ. ಅದರ ಮುಂದಿನ ಭಾನುವಾರ ಬರ್ತೀನಿ ಅಣ್ಣ."

ಹೊರಟುಹೋದಳು. ಹದಿನಾಲ್ಕು ದಿನ. ದಾರದಣ್ಣ ಹೆಡ್‌ಫೋನ್ ತೆಗೆಯದೆ ಕೊನೆಯ ಸುತ್ತನ್ನು ಮತ್ತೆ ಹಾಕಿಕೊಂಡು ನೋಡಿದ. ನೇರ ರಸ್ತೆಯಲ್ಲಿ ತಂಗಿಯ ಕಾರು ಮುಂದೆ, ಅವನದು ಹಿಂದೆ. ಅಭ್ಯಾಸಬಲದಿಂದ ಜೇಬಿನ ದಾರ ತೆಗೆದು ಪರದೆಗೆ ಹಿಡಿದ. ಎಲ್ಲಿಯೂ ಬೇಡದ ಬೆಳಕು ಕಾಣಲಿಲ್ಲ. ಆಮೇಲೆ ಅದೇ ಸುತ್ತನ್ನು ಇನ್ನೊಮ್ಮೆ ಹಾಕಿಕೊಂಡ.