ಇನ್ನು ನಾನು ಕಾರು ಬಿಡುವುದಿಲ್ಲ

ನಿವೃತ್ತನಾದಾಗ ನನಗೆ ಒಂದೇ ಆಸೆ ಇತ್ತು: ಮಧ್ಯಾಹ್ನ ಉಂಡು ಮಲಗುವುದು. ಮೂವತ್ತೊಂದು ವರ್ಷ ಸರಕಾರಿ ಬಸ್ಸು ಓಡಿಸಿದವನಿಗೆ ಅದು ಸಣ್ಣ ಆಸೆಯಲ್ಲ. ಕೊಲ್ಲಮೊಗ್ರಿನಲ್ಲಿ ರಾತ್ರಿ ತಂಗುವ ಬಸ್ಸಿನಲ್ಲಿ ಬಹಳ ವರ್ಷ ಇದ್ದೆ. ಆರು ಗಂಟೆಗೆ ಅಲ್ಲಿಂದ ಹೊರಡಬೇಕು, ಐದಕ್ಕೆ ಏಳಬೇಕು. ಮಧ್ಯಾಹ್ನದ ಊಟವೆಂದರೆ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಹದಿನೈದು ನಿಮಿಷ. ತೊಳೆದ ಕೈ ಒಣಗುವ ಮೊದಲೇ ಸ್ಟೇರಿಂಗ್ ಹಿಡಿಯುತ್ತಿದ್ದೆ.

ಆ ಆಸೆ ಎರಡು ತಿಂಗಳು ನಡೆಯಿತು. ನಮ್ಮ ಮನೆ ರಾಮಕುಂಜದ ಹತ್ತಿರ, ರಸ್ತೆ ಬದಿಯಲ್ಲಿ. ಎದುರು ಮನೆಯವರಿಗೆ ಹಾರ್ಡ್‌ವೇರ್ ಅಂಗಡಿ ಇದೆ, ನನಗಿಂತ ಐದು ವರ್ಷ ಚಿಕ್ಕವರು. ಅವರು ಒಂದು ಕಾರು ತೆಗೆದುಕೊಂಡರು. ಲೈಸೆನ್ಸ್ ಇದೆ, ಹೈವೇ ಎಂದರೆ ಮಾತ್ರ ಹೆದರಿಕೆ.

"ಮೂವತ್ತು ವರ್ಷ ಬಸ್ಸು ಬಿಟ್ಟವರು ನೀವು ಮಾರಾಯ್ರೆ. ಇದು ನಿಮಗೆ ಎಂತ, ಆಟದ ಸಾಮಾನು" ಎಂದು ಕೀ ಕೈಗೆ ಕೊಟ್ಟರು.

ಅವರನ್ನು ನೋಡಿ ಕಾರಿದ್ದ ಇನ್ನೂ ನಾಲ್ಕು ಮನೆಯವರು ಕೇಳತೊಡಗಿದರು. ಪುತ್ತೂರಿನ ಆಸ್ಪತ್ರೆ, ಸುಳ್ಯಕ್ಕೆ ಹೆಣ್ಣು ನೋಡಲು, ಸುಬ್ರಹ್ಮಣ್ಯಕ್ಕೆ ಪೂಜೆಗೆ. "ಡ್ಯೂಟಿಗಾದ್ರೂ ವಾರಕ್ಕೊಂದು ರಜೆ ಇತ್ತು. ಈಗ ಅದೂ ಇಲ್ಲ" ಎಂದು ನನ್ನ ಹೆಂಡತಿ ಹೇಳುತ್ತಿದ್ದಳು. ಆಗುವುದಿಲ್ಲ ಎನ್ನಲು ನನಗೆ ಬರಲಿಲ್ಲ. ದಾಕ್ಷಿಣ್ಯ ಎಂದು ಆಗ ಅಂದುಕೊಂಡಿದ್ದೆ. ನಿಜ ಹೇಳಬೇಕೆಂದರೆ, ಇವರು ಗಾಡಿ ಬಿಡುವಾಗ ಕಣ್ಣು ಮುಚ್ಚಿ ಕೂರಬಹುದು ಎಂದು ಜನ ಹೇಳುವುದನ್ನು ಕೇಳಲು ನನಗೆ ಇಷ್ಟವಿತ್ತು.

ಕಳೆದ ಬೇಸಿಗೆಯಲ್ಲಿ ಎದುರು ಮನೆಯವರ ಸಂಬಂಧಿಕರದ್ದು ಸುಳ್ಯದಲ್ಲಿ ಗೃಹಪ್ರವೇಶ. ಹಿಂದಿನ ದಿನ ಬೇರೆ ಮನೆಯವರನ್ನು ಮಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ತಡವಾಗಿ ಬಂದಿದ್ದೆ. ಬೆಳಿಗ್ಗೆ ಆರಕ್ಕೆ ಹೊರಟೆವು. ಊಟ ಒಳ್ಳೆಯದಿತ್ತು, ಪಾಯಸ ಎರಡು ಸಲ ಹಾಕಿಸಿಕೊಂಡೆ. ಎರಡು ಗಂಟೆಗೆ ವಾಪಸು. ನನ್ನ ಪಕ್ಕದಲ್ಲಿ ಅವರು. ಹಿಂದೆ ಅವರ ಹೆಂಡತಿ, ಮಗಳು, ಮಗಳ ತೊಡೆಯಲ್ಲಿ ನಾಲ್ಕು ತಿಂಗಳ ಮಗು. ಜಾಲ್ಸೂರು ದಾಟುವಷ್ಟರಲ್ಲಿ ಎಲ್ಲರಿಗೂ ನಿದ್ದೆ ಬಂದಿತ್ತು.

ಕಾವು ದಾಟಿದ್ದು ನೆನಪಿದೆ. ಕುಂಬ್ರ ಇನ್ನೂ ಬಂದಿರಲಿಲ್ಲ. ದೂರದಲ್ಲಿ ಎದುರಿನಿಂದ ಒಂದು ಬಿಳಿ ವ್ಯಾನು ಬರುತ್ತಿತ್ತು. ಅದಾದ ಮೇಲೆ ನನಗೆ ಗೊತ್ತಿರುವುದು, ಅದೇ ವ್ಯಾನು ಹತ್ತಿರದಲ್ಲಿತ್ತು ಎಂಬುದು. ನಡುವಿನದು ನನ್ನ ಹತ್ತಿರ ಇಲ್ಲ. ನಮ್ಮ ಬಲಗಡೆಯ ಚಕ್ರ ನಡುಗೆರೆಯ ಆಚೆಗಿತ್ತು. ಎಡಕ್ಕೆ ತಿರುಗಿಸಿದೆ. ಎಡ ಚಕ್ರ ಡಾಮರಿನಿಂದ ಕೆಳಗೆ ಮಣ್ಣಿಗೆ ಇಳಿದು ಮತ್ತೆ ಹತ್ತಿತು. ವ್ಯಾನು ಹೋಯಿತು. ಅದರವನು ಹಾರ್ನ್ ಹಾಕಲಿಲ್ಲ. ಸಮಯ ಸಿಕ್ಕಿರಲಿಕ್ಕಿಲ್ಲ.

ಮಗಳು ಎಚ್ಚರಗೊಂಡು, "ಎಂತ ಮಾಮ, ಹೊಂಡವಾ?" ಎಂದು ಕೇಳಿದಳು.

"ಹೌದಮ್ಮ" ಎಂದೆ.

ಕುಂಬ್ರದಲ್ಲಿ ಒಂದು ಅಂಗಡಿಯ ಎದುರು ನಿಲ್ಲಿಸಿ ಮುಖ ತೊಳೆದೆ. ಅಲ್ಲಿಂದ ಮನೆಯವರೆಗೆ ನಲುವತ್ತಕ್ಕಿಂತ ಮೇಲೆ ಹೋಗಲಿಲ್ಲ.

ಮರುದಿನ ಹೆಂಡತಿಗೆ ಪುತ್ತೂರಿಗೆ ಹೋಗಿ ಬರುತ್ತೇನೆಂದು ಹೇಳಿ, ಬಸ್ಸಿನಲ್ಲಿ ಹೋಗಿ ಆ ಜಾಗದಲ್ಲಿ ಇಳಿದೆ. ಮಣ್ಣಿನಲ್ಲಿ ಟಯರಿನ ಗುರುತು ಇತ್ತು. ವ್ಯಾನು ದೂರದಲ್ಲಿ ಕಂಡಾಗ ನಾನು ಎಲ್ಲಿದ್ದೆ ಎಂದು ಅಂದಾಜು ಮಾಡಿ, ಅಲ್ಲಿಂದ ಗುರುತಿನವರೆಗೆ ನಡೆದೆ. ಎಪ್ಪತ್ತು ಹೆಜ್ಜೆ. ಎರಡನೇ ಸಲ ನಡೆದಾಗ ಅರುವತ್ತೆಂಟು. ಅಷ್ಟು ದೂರ ಆ ಕಾರನ್ನು ಯಾರೂ ಓಡಿಸಿರಲಿಲ್ಲ. ಗುರುತು ಮುಗಿದಲ್ಲಿಂದ ಎರಡು ಹೆಜ್ಜೆ ಮುಂದೆ ಮೋರಿಯ ಕಟ್ಟೆ.

ಇನ್ನು ಸ್ಟೇರಿಂಗ್ ಹಿಡಿಯಬಾರದು ಎಂದು ಅಲ್ಲಿಯೇ ನಿಶ್ಚಯ ಮಾಡಿದೆ. ಆದರೆ ಕಾರಣ ಹೇಳುವ ಧೈರ್ಯ ಬರಲಿಲ್ಲ. ಬೆನ್ನುನೋವು ಎಂದೆ. ಎದುರು ಮನೆಯವರು ಒಂದು ಬಾಟ್ಲಿ ನೋವಿನ ಎಣ್ಣೆ ತಂದುಕೊಟ್ಟರು. ಶನಿವಾರ ಮತ್ತೆ ಬಂದರು.

"ನಾಳೆ ಕಡಬಕ್ಕೆ ಹೋಗ್ಲಿಕ್ಕುಂಟು. ಇಲ್ಲೇ ಅಲ್ವಾ. ಬೆನ್ನಿಗೆ ದಿಂಬು ಇಡುವ."

ಅವರ ಕೈಯಲ್ಲಿ ದಿಂಬು ಇತ್ತು.

"ಬೆನ್ನುನೋವು ಇಲ್ಲ. ಆ ದಿನ ರಸ್ತೆಯಲ್ಲಿ ಹೊಂಡವೂ ಇರ್ಲಿಲ್ಲ. ನನಗೆ ನಿದ್ದೆ ಬಂದಿತ್ತು" ಎಂದೆ.

ಅವರು ನಕ್ಕರು. "ನಿಮಗೆ? ಬಿಡಿ ಮಾರಾಯ್ರೆ, ಬರ್ಲಿಕ್ಕೆ ಮನಸ್ಸಿಲ್ಲದಿದ್ರೆ ಹಾಗೆ ಹೇಳಿ."

ಜಾಗ ಹೇಳಿದೆ. ವ್ಯಾನು, ಟಯರಿನ ಗುರುತು, ಹೆಜ್ಜೆ, ಮೋರಿ ಎಲ್ಲ ಹೇಳಿದೆ. ಅವರ ನಗು ನಿಂತಿತು.

"ಮಗು ಇತ್ತಲ್ಲ" ಎಂದರು.

"ಇತ್ತು."

"ಅಲ್ಲಿಂದ ಮತ್ತೆ ನಮ್ಮನ್ನು ಕೂರಿಸಿಕೊಂಡು ಮನೆವರೆಗೆ ಬಂದ್ರಲ್ಲ. ಒಂದು ಮಾತು ಹೇಳ್ಲಿಕ್ಕೆ ಆಗ್ಲಿಲ್ವಾ?"

"ಇನ್ನು ನಾನು ಕಾರು ಬಿಡುದಿಲ್ಲ. ನಿಮ್ಮದೂ ಇಲ್ಲ, ಯಾರದ್ದೂ ಇಲ್ಲ" ಎಂದಷ್ಟೇ ಹೇಳಿದೆ. ಅವರು ದಿಂಬು ಹಿಡಿದುಕೊಂಡು ರಸ್ತೆ ದಾಟಿದರು.

ವಾರದೊಳಗೆ ಉಳಿದ ನಾಲ್ಕು ಮನೆಗೂ ಸುದ್ದಿ ಮುಟ್ಟಿತು. ಫೋನು ಬರುವುದು ನಿಂತಿತು. "ಬೆನ್ನುನೋವು ಅಂತಲೇ ಹೇಳ್ಬಹುದಿತ್ತು ನಿಮಗೆ" ಎಂದಳು ಹೆಂಡತಿ. ಎದುರು ಮನೆಯವರು ಈಗ ಕಂಡರೆ ತಲೆ ಆಡಿಸುತ್ತಾರೆ, ನಿಲ್ಲುವುದಿಲ್ಲ. ಅವರ ಮಗಳು ಮಾತ್ರ ಮೊದಲಿನ ಹಾಗೆ ಮಾಮ ಎಂದೇ ಕರೆಯುತ್ತಾಳೆ. ಅವಳಿಗೆ ಅವರು ಹೇಳಿದ್ದಾರೋ ಇಲ್ಲವೋ ಗೊತ್ತಿಲ್ಲ. ನಾನು ಕೇಳಿಲ್ಲ.

ಮಧ್ಯಾಹ್ನಗಳು ಈಗ ನನ್ನವು. ಉಂಡು, ನೆಲದ ಮೇಲೆ ಚಾಪೆ ಹಾಸಿ, ಫ್ಯಾನಿನ ಕೆಳಗೆ ಮಲಗುತ್ತೇನೆ. ಕೆಲವು ದಿನ ಬಲಗಾಲು ತಾನಾಗಿ ಬ್ರೇಕ್ ಒತ್ತಿ ಎಚ್ಚರವಾಗುತ್ತದೆ. ಕೆಲವು ದಿನ ನಾಲ್ಕರವರೆಗೂ ನಿದ್ದೆ ಬರುತ್ತದೆ. ಎದ್ದು ಪೇಪರು ಓದುತ್ತೇನೆ, ಟೆಂಡರ್ ಪ್ರಕಟಣೆಯನ್ನೂ ಬಿಡುವುದಿಲ್ಲ. ಬಹಳ ವರ್ಷಗಳ ಆಯಾಸ ಎರಡು ತಿಂಗಳಿನಲ್ಲಿ ಇಳಿಯುತ್ತದೆ ಎಂದುಕೊಂಡಿದ್ದೆ. ಅದು ಹಾಗೆ ಇಳಿಯುವಂಥದ್ದಲ್ಲ.

ಮೊನ್ನೆ ಕೊಲ್ಲಮೊಗ್ರು ಕಡೆಯ ಭಾವಮೈದುನನ ಫೋನು ಬಂತು, ಹೆಂಡತಿಯ ತಮ್ಮ. ಅವನಿಗೆ ವಿಷಯ ಗೊತ್ತಿರಲಿಲ್ಲ. ಮದುವೆಯ ದಿಬ್ಬಣಕ್ಕೆ ಕಾರು ಬಿಡಬೇಕಂತೆ. ಒಮ್ಮೆ ಹೇಳಿದರೆ ಮುಗಿಯುತ್ತದೆ ಎಂದು ನಾನು ತಿಳಿದದ್ದು ತಪ್ಪು. ಪ್ರತಿಯೊಬ್ಬರಿಗೂ ಹೊಸದಾಗಿ ಹೇಳಬೇಕು, ಪ್ರತಿ ಸಲವೂ ಬಾಯಿ ಒಣಗುತ್ತದೆ. ಹೇಳಿದೆ.

"ಹಾಗಾದ್ರೆ ಬೇಡ ಭಾವ. ನಿಮ್ಮ ಜೊತೆಗೆ ಇದ್ದವರು, ರಿಟೈರ್ ಆದವರು ಬೇರೆ ಯಾರಾದ್ರೂ ಇದ್ದಾರಾ?"

ಕುಂಬ್ರದಲ್ಲಿ ಒಬ್ಬರಿದ್ದಾರೆ. ನನಗಿಂತ ಎರಡು ವರ್ಷ ದೊಡ್ಡವರು, ಕೇಳಿದರೆ ಆಗುವುದಿಲ್ಲ ಎನ್ನುವ ಜನ ಅಲ್ಲ. ನಂಬರು ನನ್ನ ಫೋನಿನಲ್ಲಿತ್ತು.

"ಯಾರೂ ಇಲ್ಲ" ಎಂದೆ. "ಟ್ಯಾಕ್ಸಿ ಮಾಡು. ಹೊರಡುವ ಮೊದಲು ಡ್ರೈವರನ ಹತ್ತಿರ ನಿನ್ನೆ ನಿದ್ದೆ ಆಗಿದೆಯಾ ಅಂತ ಕೇಳು."