ನನಗೆ ಬಾರದ ತಟ್ಟು

ದೆವ್ವ, ಭೂತ, ಮೈಮೇಲೆ ಬರೋದು ಅಂತ ಯಾರಾದರೂ ಶುರುಮಾಡಿದರೆ ಚಪ್ಪಲಿ ಮೆಟ್ಟಿ ಎದ್ದು ಹೋಗುತ್ತಿದ್ದ ಆಸಾಮಿ ನಾನು. ಈಗ ನಂಬುತ್ತೇನೆ ಅಂತಲ್ಲ. ಆದರೆ ಎದ್ದು ಹೋಗುವ ಧೈರ್ಯ ಇಲ್ಲ, ಅಷ್ಟೆ.

ಎಪ್ಪತ್ತರ ದಶಕದ ಕೊನೆಯಲ್ಲಿ ಚಿತ್ರದುರ್ಗದ ಒಂದು ಆಸ್ಪತ್ರೆಯಲ್ಲಿ ಫಿಜಿಯೋಥೆರಪಿಸ್ಟ್ ಆಗಿದ್ದೆ. ಉಸಿರಾಟದ ಯಂತ್ರ ಹಾಕಿದ ರೋಗಿಗೆ ಕೆಮ್ಮಲು ಬರುವುದಿಲ್ಲ, ಕಫ ಎದೆಯಲ್ಲೇ ಕಟ್ಟುತ್ತದೆ. ಮಗ್ಗುಲು ಹೊರಳಿಸಿ, ಅಂಗೈಯನ್ನು ಬಟ್ಟಲು ಮಾಡಿ ಪಕ್ಕೆಲುಬಿನ ಮೇಲೆ ತಟ್ಟಿ, ಸಡಿಲಾದ ಕಫವನ್ನು ಗಂಟಲ ಕೊಳವೆಯಿಂದ ಹೀರಿ ತೆಗೆಯುವುದು ನನ್ನ ಕೆಲಸ. ವಾರ್ಡಿನವರು ನನಗೆ ‘ಬೆನ್ನು ಬಡಿಯೋ ಮೇಷ್ಟ್ರು’ ಅಂತ ಹೆಸರಿಟ್ಟಿದ್ದರು.

ಆದಿವಾಲದ ಕಡೆಯ ಈರಣ್ಣ, ಇಪ್ಪತ್ತೆರಡರ ಕುರಿಗಾಹಿ, ಕಟ್ಟುಹಾವು ಕಚ್ಚಿ ಬಂದಿದ್ದ. ವಿಷಕ್ಕೆ ಮೈಯೆಲ್ಲ ಸೋತು ಯಂತ್ರದ ಉಸಿರಲ್ಲಿದ್ದ, ರೆಪ್ಪೆ ಕೂಡ ಎತ್ತಲಾರ. ಮೂರನೇ ದಿನ ಅವನ ಎದೆಯ ಎಡಭಾಗ ಏಳುವುದೇ ನಿಂತಿತು. ‘ಇವತ್ತು ಕಫ ಬರದಿದ್ದರೆ ಕೈಬಿಟ್ಟ ಹಾಗೆ’ ಎಂದುಬಿಟ್ಟರು ಡಾಕ್ಟರು. ಬೆಳಗಿನಿಂದ ನಾಲ್ಕು ಸಲ ತಟ್ಟಿದೆ. ಊಹೂಂ. ಕೂತರೆ ಏಳಬೇಕು, ಎದ್ದರೆ ಕೂರಬೇಕು, ಕಾಫಿಯೂ ಸೇರಲಿಲ್ಲ. ಯಂತ್ರದ ಬುಸ್ಸು ಕಿವಿ ಕೊರೆಯುತ್ತಿತ್ತು.

ಸಂಜೆ ನಾಲ್ಕರ ಹೊತ್ತಿಗೆ, ಎಡಪಕ್ಕೆ ಮೇಲೆ ಬರುವಂತೆ ಹೊರಳಿಸಿ, ಐದನೇ ಸಲ ಕೈ ಹಚ್ಚಿದೆ. ನನ್ನದು ಒಂದೇ ಸಮನೆ ಬೀಳುವ ತಟ್ಟು. ಅದು ತಾನಾಗಿ ಬದಲಾಯಿತು. ಎರಡು ಚುರುಕು, ಒಂದು ಜೋರು, ಚೂರು ತಡೆದು ಮತ್ತೆ ಎರಡು. ನಿಲ್ಲಿಸಲು ನೋಡಿದೆ, ಆಗಲಿಲ್ಲ. ಅಯ್ಯೋ, ಹೆದರಿಬಿಟ್ಟೆ!

“ಇದೇನ್ ಸಾರ್, ತಮಟೆ ಬಡಿದಂಗೆ ಬಡೀತಿದೀರಿ?” ಅಂದರು ಎದುರಿಗಿದ್ದ ನರ್ಸಮ್ಮ.

ಅಷ್ಟರಲ್ಲಿ ಕೊಳವೆ ಗೊರಗುಟ್ಟಿತು. ಹೀರಿದರೆ ಅಂಟಿನಂಥ ಗಟ್ಟಿ ಕಫದ ಉಂಡೆ. ಎಡ ಎದೆ ಮೆಲ್ಲಗೆ ಎದ್ದಿತು. ಸಂತೋಷಪಡಬೇಕಾದ ನಾನು ನನ್ನ ಅಂಗೈಗಳನ್ನೇ ನೋಡುತ್ತಿದ್ದೆ.

ಮಾರನೇ ದಿನ ಈರಣ್ಣನ ಅಪ್ಪ ಬಂದ. ಕುರಿ ಬಿಟ್ಟು ಬರಲಾಗದೆ ಊರಲ್ಲೇ ಉಳಿದಿದ್ದವನು. ಮಗ ಹೇಗಿದ್ದಾನೆ ಅಂತ ಕೇಳಲಿಲ್ಲ.

“ನಿನ್ನೆ ಹೊತ್ತು ಇಳಿಯೋವಾಗ ಇವನಿಗೆ ಉಸುರು ಸಲೀಸಾತೇನ್ರಿ?” ಅಂದ.

“ಯಾರು ಹೇಳಿದ್ರು ನಿಮಗೆ?”

“ಒಂದು ಕುರಿ ಮರಿ ಹಾಕ್ತು ಸಾಮಿ. ಮರಿಗೆ ಉಸುರಿಲ್ಲ. ಅಂಗಾದ್ರೆ ನಾವು ಹಿಂಗಾಲು ಹಿಡಿದು, ತಲೆಕೆಳಗು ಮಾಡಿ ಪಕ್ಕೆಗೆ ಬಡೀತೀವಿ.” ಮಂಚದ ಕಂಬಿಯ ಮೇಲೆ ಬಡಿದು ತೋರಿಸಿದ. ಎರಡು ಚುರುಕು, ಒಂದು ಜೋರು. “ಬಡೀತಾ ಬಡೀತಾ ಕೈಗೆ ಮರಿ ಪಕ್ಕೆ ಸಿಗಲಿಲ್ರಿ. ಇವನ್ದು ಸಿಕ್ತು.”

“ಮರಿ ಏನಾಯ್ತು?”

“ಉಳೀಲಿಲ್ರಿ.”

ಆ ತಟ್ಟನ್ನು ಆಮೇಲೆ ಎಷ್ಟೋ ರೋಗಿಗಳ ಮೇಲೆ ಬೇಕೆಂದೇ ಮಾಡಿ ನೋಡಿದ್ದೇನೆ. ಎರಡು, ಒಂದು ಬೀಳುತ್ತದೆ. ಅಂದು ಬಂದದ್ದು ಬರುವುದಿಲ್ಲ.

ಎರಡು ವಾರಕ್ಕೆ ಈರಣ್ಣ ನಡೆದುಕೊಂಡೇ ಬಸ್ಸಿಗೆ ಹೊರಟ. ಅಪ್ಪ ಹಿಂದೆ ಉಳಿದು, ನನ್ನ ಎರಡೂ ಕೈ ಹಿಡಿದು, ತಿರುಗಿಸಿ ತಿರುಗಿಸಿ ನೋಡಿದ.

“ಆ ಮರಿ ಪಾಪ ಯಾರಿಗೆ ಹತ್ತತೈತೆ ಸಾಮಿ, ನನಗೋ, ನಿಮಗೋ?”