ಹೆಂಡತಿಯನ್ನು ಬದುಕಿಸಿಕೊಂಡ ಪಾತ್ರಣ್ಣ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ವಿಶ್ವವಿದ್ಯಾಲಯದ ಸೃಜನಶೀಲ ಬರವಣಿಗೆ ವಿಭಾಗದ ಬಾಗಿಲನ್ನು ಭುಜ ಕೊಟ್ಟು ದೂಡುತ್ತಿದ್ದಾರೆ ಅಲ್ಲಿನ ಅಟೆಂಡರ್. ಕಿಟಕಿಗಳನ್ನು ತೆರೆದಿಟ್ಟು ಪೊರಕೆ ಹಿಡಿಯುತ್ತಾರೆ. ಬೆಂಚುಗಳ ಕೆಳಗೆಲ್ಲ ಹಿಂದಿನ ದಿನದ ಕಾಗದದ ಉಂಡೆಗಳು. ಬಿಡಿಸಿ ಓದುತ್ತೀರಾ ಎಂದು ಕೇಳಿದರೆ ನಗುತ್ತಾರೆ. "ಬರೆದವರಿಗೇ ಬೇಡವಾಗಿದ್ದು ನಂಗ್ಯಾಕೆ ಸಾರ್?"

ಕಸ ಗುಡಿಸಿ ಆದಮೇಲೆ ಅವರು ಮುಖ ತೊಳೆದು ನೀಟಾಗಿ ತಲೆ ಬಾಚಿಕೊಳ್ಳುತ್ತಾರೆ. ಏಕೆಂದರೆ ಇವತ್ತು ಹೊಸ ವಿದ್ಯಾರ್ಥಿಗಳು ಇವರನ್ನು ಎದುರಿಗೆ ಕೂರಿಸಿಕೊಂಡು ಕಥೆ ಬರೆಯಲಿದ್ದಾರೆ. ಚಿತ್ರಕಲಾ ಶಾಲೆಯಲ್ಲಿ ಮನುಷ್ಯರನ್ನು ಕೂರಿಸಿಕೊಂಡು ಚಿತ್ರ ಬರೆಯುವುದಿಲ್ಲವೇ, ಹಾಗೆ. ಅದಕ್ಕೇ ಹುಡುಗರ ಬಾಯಲ್ಲಿ ಇವರು 'ಪಾತ್ರಣ್ಣ'.

ಮೊದಲು ಇವರಿದ್ದದ್ದು ರಸಾಯನಶಾಸ್ತ್ರ ವಿಭಾಗದಲ್ಲಿ. ಗಾಜಿನ ಸಾಮಾನು ತೊಳೆದೂ ತೊಳೆದೂ ಅಂಗೈ ಸಿಪ್ಪೆ ಏಳತೊಡಗಿತು. ವೈದ್ಯರು ಬೇರೆ ಕಡೆ ಹಾಕಿಸಿಕೊಳ್ಳಿ ಎಂದರು. "ಅಲ್ಲಿ ಗಾಜು ಒಡೆದ್ರೆ ಬೈತಿದ್ರು. ಇಲ್ಲಿ ಯಾರ ಮನಸ್ಸು ಯಾವಾಗ ಒಡೆಯುತ್ತೋ ಗೊತ್ತೇ ಆಗಲ್ಲ."

ಬಂದ ಹೊಸತರಲ್ಲಿ ಒಮ್ಮೆ ತರಗತಿ ನಡೆಯುತ್ತಿರುವಾಗಲೇ ಸ್ಟೂಲು ಹತ್ತಿ ಬಲ್ಬು ಬದಲಿಸುತ್ತಿದ್ದರು. ಮನುಷ್ಯರನ್ನು ನೋಡಿ ಬರೆಯಿರಿ ಎಂದು ಗಂಟಲು ಹರಿದುಕೊಳ್ಳುತ್ತಿದ್ದ ಪ್ರಾಧ್ಯಾಪಕಿ ಥಟ್ಟನೆ ತಿರುಗಿ, "ಅಲುಗಾಡಬೇಡಿ, ಹಾಗೇ ಇರಿ!" ಎಂದರು. ಕರೆಂಟು ಹೊಡೆಯುತ್ತದೇನೋ ಎಂದು ಇವರು ಉಸಿರು ಬಿಗಿಹಿಡಿದು ನಿಂತರು. ಆ ಭಯವನ್ನೇ ಬರೆದ ವಿದ್ಯಾರ್ಥಿಗೆ ಅತಿ ಹೆಚ್ಚು ಅಂಕ ಬಂತು. ಅಂದಿನಿಂದ ಇದೂ ಇವರ ಕೆಲಸವಾಯಿತು.

ಸುಲಭದ ಕೆಲಸವೇನಲ್ಲ. "ಒಂದ್ಸಲ ಮೂಗು ತುರಿಸ್ಕೊಂಡೆ. ಇಡೀ ಕ್ಲಾಸು ಅದನ್ನ ದುಃಖ ಅಂತ ಬರೀತು. ನೋಡಿ, ಗುಂಡುಕಲ್ಲಿನ ಹಾಗಿದ್ದೀನಿ. ಆದ್ರೂ ಮೂರನೇ ಪುಟಕ್ಕೆ ಕೆಮ್ಮು ಬರಿಸ್ತಾರೆ, ಐದಕ್ಕೆ ಸಾಯಿಸ್ತಾರೆ." ಇದುವರೆಗೆ ಇವರು ರೈಲಿಗೆ ಸಿಕ್ಕಿದ್ದಾರೆ, ಸಮುದ್ರಕ್ಕೆ ಹಾರಿದ್ದಾರೆ, ಒಂದು ಕಥೆಯಲ್ಲಿ ಲಿಫ್ಟಿನಲ್ಲಿ ಸಿಕ್ಕಿಕೊಂಡು ಹಳೆಯ ಪ್ರೇಯಸಿಯನ್ನು ನೆನೆಯುತ್ತಲೇ ಪ್ರಾಣ ಬಿಟ್ಟಿದ್ದಾರೆ. ಯಾವುದಕ್ಕೂ ತಲೆ ಕೆಡಿಸಿಕೊಂಡವರಲ್ಲ.

ತಲೆ ಕೆಟ್ಟದ್ದು ಹೋದ ವರ್ಷ, ಕಥೆಯಲ್ಲಿ ಇವರ ಬದಲು ಇವರ ಹೆಂಡತಿ ಸತ್ತಾಗ.

ಬರೆದವಳು ಎರಡನೇ ವರ್ಷದ ಒಬ್ಬ ವಿದ್ಯಾರ್ಥಿನಿ. ಊರಿಗೆಂದು ಬಸ್ಸು ಹತ್ತಿದ ಹೆಂಡತಿ ಮರಳಿ ಬರಲೇ ಇಲ್ಲ, ಗಂಡ ಖಾಲಿ ಮನೆಯಲ್ಲಿ ಗುನುಗುತ್ತಾ ಕೂತಿದ್ದಾನೆ, ಇಷ್ಟೇ ಕಥೆ. ಬಹುಮಾನ ಬಂತು, ಪತ್ರಿಕೆಯಲ್ಲಿ ಅಚ್ಚಾಯಿತು. ಹೆಸರಿರಲಿಲ್ಲ ನಿಜ, ಆದರೆ ಎಡಗಿವಿಯ ಮೇಲಿನ ಮಚ್ಚೆ, ಗುಡಿಸುವಾಗಿನ ಗುನುಗು, ಹೆಂಡತಿಯ ಹೊಲಿಗೆ ಅಂಗಡಿ ಎಲ್ಲ ಇದ್ದದ್ದು ಇದ್ದ ಹಾಗೇ ಇತ್ತು.

ಮರುದಿನ ಬೆಳಿಗ್ಗೆ ಗಿರಾಕಿಯೊಬ್ಬರು ಅಂಗಡಿ ಬಾಗಿಲಲ್ಲಿ ಮುಖ ಸಣ್ಣಗೆ ಮಾಡಿಕೊಂಡು ನಿಂತಿದ್ದರು. "ಇಂಥ ಹೊತ್ತಲ್ಲಿ ಕೇಳಬಾರದು, ನನ್ನ ಬಟ್ಟೆ ಹೊಲಿದಾಗಿತ್ತಾ ಅಂತ..." ಎಂದು ತಲೆಯೆತ್ತಿದವರು, ಒಳಗಿನಿಂದ ಬಂದ ಪಾತ್ರಣ್ಣನ ಹೆಂಡತಿ ಟೈಲರಮ್ಮನನ್ನು ನೋಡಿ ಬಟ್ಟೆಯನ್ನೂ ಮರೆತು ಓಡಿದರು. ಅಷ್ಟರಲ್ಲಿ ಮೊದಲ ಬಸ್ಸಿಗೆ ಬಂದಿಳಿದರು ಟೈಲರಮ್ಮನ ಅಣ್ಣ. ಎಷ್ಟು ಸಲ ಫೋನ್ ಮಾಡಿದರೂ ಹೊಲಿಗೆ ಯಂತ್ರದ ಸದ್ದಿನಲ್ಲಿ ತಂಗಿಗೆ ಕೇಳಿಸಿರಲಿಲ್ಲ.

"ಬದುಕಿದ್ದೀಯೇನೇ?" ಎಂದು ಅವರು ಮೆಟ್ಟಿಲ ಮೇಲೇ ಕುಸಿದರು.

"ಯಾಕಣ್ಣ, ಇರಬಾರದಿತ್ತಾ?"

ಅಣ್ಣ ಪತ್ರಿಕೆ ಚಾಚಿದರು. ಕೊರಳಿಗೆ ಅಳತೆಪಟ್ಟಿ ಹಾಕಿಕೊಂಡೇ ಅದನ್ನು ಪೂರ್ತಿ ಓದಿದ ಟೈಲರಮ್ಮ, ಅಣ್ಣನನ್ನು ಎಬ್ಬಿಸಿಕೊಂಡು ನೇರ ವಿಭಾಗಕ್ಕೆ ನಡೆದರು.

ತರಗತಿ ನಡೆಯುತ್ತಿತ್ತು. ಪಾತ್ರಣ್ಣ ಬಾಗಿಲಲ್ಲಿ ಚಹಾದ ತಟ್ಟೆ ಹಿಡಿದು ನಿಂತಿದ್ದರು. "ಅಮ್ಮಾ, ಇದು ಬರೀ ಕಲ್ಪನೆ," ಎಂದು ಪ್ರಾಧ್ಯಾಪಕಿ ಸಮಾಧಾನಕ್ಕೆ ಬಂದರು.

"ಹಂಗಾದ್ರೆ ಕಲ್ಪನೇಲಿ ನಿಮ್ಮ ಯಜಮಾನರನ್ನ ಸಾಯಿಸ್ಕೊಳ್ಳಿ ಮೇಡಂ, ನಂಗೇನು!"

ಹುಡುಗರು ಗೊಳ್ಳೆಂದರು. ಪ್ರಾಧ್ಯಾಪಕಿಗೂ ನಗು ತಡೆಯಲಾಗಲಿಲ್ಲ. ನಗದೇ ಉಳಿದವಳು ಕಥೆ ಬರೆದ ಹುಡುಗಿ ಮಾತ್ರ. ಎದ್ದು ನಿಂತಳು.

"ಪಾತ್ರಣ್ಣನ ಹತ್ರ, ಮನೇಲಿ ಯಾರಿದ್ದಾರೆ ಅಂತ ಕೇಳ್ದೆ ಆಂಟಿ. ಈಗ ಯಾರೂ ಇಲ್ಲಮ್ಮ, ಅವಳಿಲ್ಲದೆ ಮನೆ ಮನೆ ಥರಾನೇ ಇಲ್ಲ ಅಂದ್ರು. ಹೇಳ್ತಾ ಕಣ್ಣು ಒರೆಸ್ಕೊಂಡ್ರು. ನಾನು... ತೀರ್ಕೊಂಡಿದ್ದಾರೆ ಅಂದ್ಕೊಂಡೆ."

ಅಸಲಿಗೆ ಹುಡುಗಿ ಹಾಗೆ ಕೇಳಿದ ವಾರ ಟೈಲರಮ್ಮ ಹೋಗಿದ್ದದ್ದು ಇದೇ ಅಣ್ಣನ ಮನೆಗೆ. ಅವರು ನಿಧಾನವಾಗಿ ಗಂಡನ ಕಡೆ ತಿರುಗಿದರು.

"ಅತ್ತಿದ್ರಾ?"

"ಧೂಳು ಬಿದ್ದಿತ್ತು," ಎಂದರು ಪಾತ್ರಣ್ಣ, ತಟ್ಟೆಯನ್ನೇ ನೋಡುತ್ತಾ.

"ನಂಗೆ ಒಂದಿನಾನಾದ್ರೂ ಹಿಂಗೆ ಹೇಳಿದ್ದೀರಾ?"

ಪಾತ್ರಣ್ಣ ತಟ್ಟೆಯನ್ನು ಇನ್ನೊಂದು ಕೈಗೆ ದಾಟಿಸಿದರು. ಅಣ್ಣನೇ ಮುಂದೆ ಬಂದು ಅವರ ಕೈಯಿಂದ ತಟ್ಟೆ ತೆಗೆದುಕೊಂಡರು. "ಚಹಾ ಚೆಲ್ತಿದೆ ಭಾವ."

ಮುಂದಿನ ವಾರ ಹುಡುಗಿ ಕ್ಷಮೆ ಕೇಳಲು ಅವರ ಮನೆಗೆ ಹೋದಳು. ಟೈಲರಮ್ಮ ಅವಳ ಕೈಲಿ ಗುಂಡಿ ಹೊಲಿಸಿದರು, ಊಟ ಹಾಕಿದರು, ಹರಟಿದರು. ಹುಡುಗಿ ಮತ್ತೊಂದು ಕಥೆ ಬರೆದಳು. ಇದರಲ್ಲಿ ಯಾರೂ ಸಾಯಲಿಲ್ಲ. ಸಂಘರ್ಷ ಸಾಲದೆಂದು ಪತ್ರಿಕೆ ಅದನ್ನು ವಾಪಸ್ ಕಳಿಸಿತು. "ಸಂಘರ್ಷ ಸಾಲದಂತೆ! ಆ ಸಂಪಾದಕರು ಬಂದು ಈ ಮನುಷ್ಯನ ಜೊತೆ ಒಂದಿನ ಇದ್ದು ನೋಡ್ಲಿ," ಎನ್ನುತ್ತಾರೆ ಟೈಲರಮ್ಮ. ವಿಭಾಗದ ವಾರ್ಷಿಕ ಸಂಚಿಕೆಯಲ್ಲಿ ಅಚ್ಚಾದ ಆ ಕಥೆಯನ್ನು ಬಟ್ಟೆ ಕೊಡಲು ಬಂದವರೆಲ್ಲ ಓದಲೇಬೇಕು, ಆಮೇಲೆಯೇ ಅಳತೆ.

ಇಲ್ಲಿ ಕಲಿತು ಹೋದವರಲ್ಲಿ ಹಲವರು ಈಗ ಹೆಸರಾಂತ ಲೇಖಕರು. ಅವರ ಮೊದಲ ಪುಸ್ತಕಗಳಲ್ಲಿ ಈ ಮನುಷ್ಯ ಎಲ್ಲಾದರೊಂದು ಕಡೆ ಇದ್ದೇ ಇರುತ್ತಾರೆ ಎನ್ನುತ್ತಾರೆ ಪ್ರಾಧ್ಯಾಪಕಿ. ಅದನ್ನು ಹೇಳಿದರೆ ಪಾತ್ರಣ್ಣ ಅದೆಲ್ಲ ಬಿಡಿ ಎಂದು ಕೈಯಾಡಿಸಿಬಿಡುತ್ತಾರೆ. ಅವರ ಚಿಂತೆ ಬೇರೆ. ಕಾಲೇಜು ಹುಡುಗರ ಮುಂದೆ ಹೇಳುವ ಮಾತನ್ನು ಮೊದಲು ನನಗೆ ಹೇಳಿ ಎಂದು ಮನೆಯಲ್ಲಿ ಅಪ್ಪಣೆಯಾಗಿದೆ.

"ದಿನಾ ಸಂಜೆ ಹೇಳ್ಬೇಕು ಅಂತ ಹೋಗ್ತೀನಿ ಸಾರ್. ಅವಳು ಮಿಷನ್ ನಿಲ್ಲಿಸಿ, ಏನು ಅಂತ ನೋಡ್ತಾಳೆ. ನಂಗೆ ಸೊಪ್ಪಿನ ರೇಟು ಬಿಟ್ಟು ಬೇರೇನೂ ನೆನಪಾಗಲ್ಲ." ಕುತ್ತಿಗೆ ಸವರಿಕೊಂಡು ಹೇಳುತ್ತಾರೆ: "ರಿಟೈರ್ ಆಗೋಕೆ ಇನ್ನೊಂದು ವರ್ಷ ಇದೆ. ಅಷ್ಟರಲ್ಲಿ ಒಂದು ಮಾತು ಸರಿಯಾಗಿ ಹೇಳೋದು ಕಲಿತ್ಕೋಬೇಕು."